ಎಡಗೆನ್ನೆಗೆ ಬಡಿದ ಗಾಳಿ

ದಾಲ್‌ಸುನ್‌ಗೆ ಬೆಟ್ಟ ಹತ್ತುವ ಹುಚ್ಚು ಯಾವತ್ತೂ ಇರಲಿಲ್ಲ. ಯೊಂಗ್‌ಜು ಊರಿನ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷದಿಂದ ಪಲ್ಯ, ಖಾರ ಹಚ್ಚಿ ಹುಳಿಬರಿಸಿದ ಎಲೆಕೋಸಿನ ಕಿಮ್ಚಿ, ಬೇಯಿಸಿದ ಸೊಪ್ಪು ಮಾರಿಕೊಂಡು ಬಂದವಳು ಅವಳು. ಅಂಗಡಿಯ ಹಿಂಬಾಗಿಲಲ್ಲಿ ನಿಂತು ಕತ್ತೆತ್ತಿದರೆ ಸೊಬೆಕ್ ಬೆಟ್ಟಸಾಲು ಕಾಣುತ್ತಿತ್ತು. ಅದರ ತಲೆಗೆ ಮೋಡ ಕಟ್ಟಿದರೆ ಒಣಹಾಕಿದ ಮೂಲಂಗಿ ಸೊಪ್ಪನ್ನು ಒಳಗೆ ತೆಗೆದಿಡಬೇಕು, ಅಷ್ಟೇ ಅವಳಿಗೂ ಆ ಬೆಟ್ಟಕ್ಕೂ ಇದ್ದ ಸಂಬಂಧ. ಅರವತ್ತಮೂರನೆಯ ವಯಸ್ಸಿನಲ್ಲಿ ಅವಳು ಅದನ್ನು ಹತ್ತಲು ಹೊರಟಿದ್ದು ಬೀಗಿತ್ತಿಯ ಮೇಲಿನ ಹಟಕ್ಕೆ.

ಬೀಗಿತ್ತಿಯ ಹೆಸರು ಮಿರಾನ್. ದೇಗು ನಗರದಲ್ಲಿ ಪ್ರಾಥಮಿಕ ಶಾಲೆಯ ಮೇಡಂ ಆಗಿದ್ದು ನಿವೃತ್ತಿಯಾದವಳು. ಅವಳ ಮಗಳು ಯೆರಿನ್ ದಾಲ್‌ಸುನ್‌ಳ ಮಗ ಗ್ಯುಹೊನನ್ನು ಮದುವೆಯಾಗಿ ನಾಲ್ಕು ವರ್ಷ ಆಗಿತ್ತು. ಆ ವಸಂತದಲ್ಲಿ ಮೊಮ್ಮಗುವಿನ ಮೊದಲ ಹುಟ್ಟುಹಬ್ಬ ನಡೆದಾಗ ಮಿರಾನ್ ದಾಲ್‌ಸುನ್‌ಳ ಕಿಮ್ಚಿಯನ್ನು ಒಂದು ಎಳೆ ಬಾಯಿಗಿಟ್ಟು, ಊಟದ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟಿದ್ದಳು.

"ರುಚಿಯಾಗಿದೆ. ಆದ್ರೆ ಮಾರ್ಕೆಟ್ಟಿನವರ ಕೈಯಲ್ಲಿ ಉಪ್ಪು ಸ್ವಲ್ಪ ಜಾಸ್ತಿನೇ ಬೀಳತ್ತೆ, ಅಲ್ವಾ."

ಇಪ್ಪತ್ತು ಜನ ನೆಂಟರು ಕೂತಿದ್ದರು. ದಾಲ್‌ಸುನ್ ಎಲ್ಲರೊಂದಿಗೆ ಸೇರಿ ನಕ್ಕಳು. ಆ ನಗು ಆರು ತಿಂಗಳಾದರೂ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಇಬ್ಬರನ್ನೂ ಹತ್ತಿರ ತರಬೇಕೆಂದು ಯೆರಿನ್ ಮಾಡಿದ ಉಪಾಯ ಈ ಬೆಟ್ಟ. "ಅತ್ತೆ, ಅಮ್ಮ ಪ್ರತಿ ಭಾನುವಾರ ಎಲ್ಲಾದರೂ ಹತ್ತುತ್ತಾರೆ. ನಿಮ್ಮೂರ ಬೆಟ್ಟ ಅಂದ್ರೆ ಅವರಿಗೆ ಪ್ರಾಣ. ಒಂದು ದಿನ ಅಂಗಡಿ ಮುಚ್ಚಿ, ನೀವಿಬ್ರೇ ಹೋಗಿಬನ್ನಿ. ನಾವು ಬಂದ್ರೆ ಮಗು ಗಲಾಟೆ ಮಾಡತ್ತೆ," ಎಂದಳು. ದಾಲ್‌ಸುನ್ ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದರೆ ಹೆದರಿದಳು ಅಂತಾಗುತ್ತಿತ್ತು.

ಅಕ್ಟೋಬರ್ ಕೊನೆಯ ವಾರ. ಬೆಳಿಗ್ಗೆ ಎಂಟಕ್ಕೆ ಬೆಟ್ಟದ ಬುಡದ ಬಾಗಿಲಲ್ಲಿ ಇಬ್ಬರೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿಕೊಂಡರು. ಮಿರಾನ್ ಮೈಮೇಲೆ ಅಂಗಡಿಯ ಕಿಟಕಿಯಿಂದ ಇಳಿದುಬಂದ ಹಾಗೆ ಹೊಚ್ಚ ಹೊಸ ಬಟ್ಟೆ, ಎರಡು ಕೈಯಲ್ಲೂ ಊರುಗೋಲು, ಚೀಲಕ್ಕೆ ಕಟ್ಟಿದ ನೀಲಿ ಜಾಕೀಟು. ದಾಲ್‌ಸುನ್ ತನ್ನ ಹೂವಿನ ಚಿತ್ತಾರದ ಸಡಿಲ ಷರಾಯಿ ಉಟ್ಟು, ಮಗನ ಹಳೆಯ ದಪ್ಪ ಅಂಗಿ ತೊಟ್ಟು, ಬೆನ್ನಿಗೆ ಊಟದ ಡಬ್ಬಿಗಳ ದೊಡ್ಡ ಬಟ್ಟೆಗಂಟನ್ನು ಕಟ್ಟಿಕೊಂಡಿದ್ದಳು.

ಬಾಗಿಲ ಕಾವಲಿನವನು ಫಲಕದ ಮೇಲೆ ಏನೋ ಬರೆಯುತ್ತಿದ್ದವನು ತಲೆಯೆತ್ತಿದ. "ಅಮ್ಮೋರೇ, ಮಧ್ಯಾಹ್ನದ ಮೇಲೆ ಮೇಲ್ಗಡೆ ಗಾಳಿ ಏಳ್ತದಂತೆ. ಯೊನ್‌ಹ್ವಾ ಶಿಖರದ ತನಕ ಹೋಗಿ ವಾಪಸ್ ಬಂದುಬಿಡಿ. ಬಿರೊ ತುದಿ ಇವತ್ತು ಬ್ಯಾಡ."

ಮಿರಾನ್ ದಾಲ್‌ಸುನ್‌ಳ ಷೂಗಳನ್ನು ನೋಡಿದಳು. "ಅಷ್ಟು ಸಾಕು ಬಿಡಿ. ಇವರಿಗೆ ಹೇಗೂ ಮೊದಲನೇ ಸಲ."

"ತುದಿ ಮುಟ್ಟದೆ ಬೆಟ್ಟ ಹತ್ತಿದೆ ಅಂತ ನಾಳೆ ಮಾರ್ಕೆಟ್ಟಲ್ಲಿ ಯಾವ ಬಾಯಲ್ಲಿ ಹೇಳ್ಲಿ?" ಎಂದಳು ದಾಲ್‌ಸುನ್. "ನಿಮಗೆ ಆಯಾಸ ಆದ್ರೆ ಹೇಳಿ ಬೀಗಿತ್ತಿಯವರೇ, ಅಲ್ಲೇ ಕೂರಿಸಿ ಹೋಗ್ತೀನಿ."

ಮಿರಾನ್‌ಳ ಮೂಗಿನ ತುದಿ ಕೆಂಪಾಯಿತು. ಅಲ್ಲಿಂದ ಅವಳು ನಡೆದದ್ದು ನಡಿಗೆಯಲ್ಲ, ಪಂದ್ಯ. ಮೂರು ತಾಸಿನ ಏರುದಾರಿಯನ್ನು ಎರಡೂಕಾಲು ತಾಸಿನಲ್ಲಿ ಮುಗಿಸಿದಳು. ದಾಲ್‌ಸುನ್ ಎಂಟು ಹತ್ತು ಹೆಜ್ಜೆ ಹಿಂದೆ, ಎಲೆಕೋಸಿನ ಮೂಟೆ ಹೊತ್ತು ಅಭ್ಯಾಸವಾದ ಅದೇ ಸಮನಾದ ಹೆಜ್ಜೆಯಲ್ಲಿ ಬಂದಳು. ಯೊನ್‌ಹ್ವಾ ಶಿಖರದಲ್ಲಿ ನಿಂತಾಗ ಮಿರಾನ್‌ಳ ಅಂಗಿ ಬೆನ್ನಿಗೆ ಮೆತ್ತಿಕೊಂಡಿತ್ತು, ಹಿಂಡಿದರೆ ನೀರು ಬರುವಂತಿತ್ತು.

ದಾಲ್‌ಸುನ್ ಗಂಟು ಬಿಚ್ಚಿದಳು. ಬೆಳಗಿನ ಜಾವವೇ ಎದ್ದು ಸುತ್ತಿದ್ದ ಅನ್ನದ ಸುರುಳಿ ಗಿಂಬಾಪ್, ಮೊಟ್ಟೆಯ ಹೋಳು, ಉಪ್ಪು ಕಡಿಮೆ ಹಾಕಿ ಬೇರೆಯಾಗಿ ಮಾಡಿದ್ದ ಕಿಮ್ಚಿ. ಮಿರಾನ್ ಒಂದು ತುಂಡನ್ನೂ ಮುಟ್ಟಲಿಲ್ಲ. "ಹತ್ತುವಾಗ ಹೊಟ್ಟೆ ಭಾರ ಮಾಡ್ಕೋಬಾರದು. ನಮ್ಮ ಗುಂಪಿನಲ್ಲಿ ಅದು ನಿಯಮ," ಎಂದು ಎಳ್ಳಿನ ಬಿಲ್ಲೆಯೊಂದನ್ನು ಅರ್ಧ ಮುರಿದು ತಿಂದಳು. ದಾಲ್‌ಸುನ್ ಡಬ್ಬಿಗಳನ್ನು ಮುಚ್ಚಿ ಗಂಟನ್ನು ಬಿಗಿದ ರೀತಿಗೆ ಬಟ್ಟೆ ಕಿರ್ರೆಂದಿತು.

ಗಾಳಿ ಶುರುವಾಗಿದ್ದು ಅಲ್ಲಿಂದ ಮುಂದೆ, ಕಾವಲಿನವನು ಹೇಳಿದ್ದಕ್ಕಿಂತ ಮೊದಲೇ.

ಯೊನ್‌ಹ್ವಾದಿಂದ ಬಿರೊ ತುದಿಯವರೆಗೆ ಬೆಟ್ಟದ ಬೆನ್ನೆಲುಬಿನ ಮೇಲೆಯೇ ದಾರಿ, ಎರಡು ತಾಸು. ಮೊದಲು ಗಿಡಗಳು ಮೊಣಕಾಲೆತ್ತರಕ್ಕೆ ಇಳಿದವು, ಆಮೇಲೆ ಬರೀ ಹುಲ್ಲು. ಗಾಳಿ ಎಡಗಡೆಯಿಂದ ಬರುತ್ತಿತ್ತು. ಅದು ಬಂದು ಹೋಗುವ ಗಾಳಿಯಲ್ಲ. ಒಂದೇ ಸಮನೆ, ಯಾರೋ ಎಡಗೆನ್ನೆಗೆ ಅಂಗೈ ಇಟ್ಟು ತಳ್ಳುತ್ತಲೇ ಇದ್ದಂತೆ. ಅರ್ಧ ತಾಸಿನಲ್ಲಿ ದಾಲ್‌ಸುನ್‌ಳ ಎಡಗಿವಿಗೆ ಏನೂ ಕೇಳಿಸದಾಯಿತು. ಅದರ ಹಿಂದೆಯೇ ಮಂಜು ಬಂತು. ಕೆಳಗಿನ ಕಣಿವೆಯಿಂದ ಹೊಗೆಯಂತೆ ಎದ್ದು, ಮೊದಲು ದೂರದ ಶಿಖರಗಳನ್ನು ತಿಂದಿತು, ಆಮೇಲೆ ಮುಂದಿನ ತಿರುವನ್ನು, ಆಮೇಲೆ ಹತ್ತು ಹೆಜ್ಜೆ ಮುಂದಿದ್ದ ಮಿರಾನ್‌ಳನ್ನು. ಮಿರಾನ್ ಇದ್ದಕ್ಕಿದ್ದಂತೆ ಕಾಣಿಸುತ್ತಿದ್ದಳು, ಮತ್ತೆ ಇರುತ್ತಿರಲಿಲ್ಲ. ಮಂಜಿನೊಳಗೆ ಸೂಜಿಮೊನೆಯಂಥ ಹನಿಗಳು ಅಡ್ಡಡ್ಡ ಹಾರಿಬರುತ್ತಿದ್ದವು.

ದಾಲ್‌ಸುನ್‌ಗೆ ಆಗಲೇ ಹೆದರಿಕೆಯಾಗಿತ್ತು. ಎದುರಿಗೆ ಒಬ್ಬರೂ ಬರುತ್ತಿಲ್ಲವಲ್ಲ ಎಂದು ಅನ್ನಿಸಿತ್ತು. ವಾಪಸ್ ಹೋಗೋಣ ಎಂಬ ಮಾತು ನಾಲಿಗೆಯ ತುದಿಯವರೆಗೆ ಎರಡು ಸಲ ಬಂತು. ಬೀಗಿತ್ತಿಯೇ ಮೊದಲು ಹೇಳಲಿ ಎಂದು ಎರಡು ಸಲವೂ ನುಂಗಿಕೊಂಡಳು.

ನಡುದಾರಿಯಲ್ಲಿ ಮಿರಾನ್ ನಿಂತು ನೀಲಿ ಜಾಕೀಟನ್ನು ಒದ್ದೆ ಅಂಗಿಯ ಮೇಲೆಯೇ ತೊಟ್ಟುಕೊಂಡಳು. ಗುಂಡಿ ಹಾಕಲು ಬೆರಳು ಬಗ್ಗಲಿಲ್ಲ. ದಾಲ್‌ಸುನ್ ನೋಡಿಕೊಂಡು ನಿಂತಿದ್ದಳು, ಸಹಾಯಕ್ಕೆ ಹೋಗಲಿಲ್ಲ. ಅಲ್ಲಿಂದ ಮುಂದೆ ಮಿರಾನ್ ಹಿಂದಾದಳು. ಊರುಗೋಲು ಕಲ್ಲಿಗೆ ತಗುಲಿ ಎಡವುತ್ತಿದ್ದಳು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮೇಡಂಗೆ ಕೊನೆಗೂ ಸುಸ್ತಾಯಿತು ಎಂದು ದಾಲ್‌ಸುನ್‌ಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ಅವಳು ಮುಂದೆ ಎಷ್ಟೋ ದಿನ ನೆನೆದು ನಡುಗಿದಳು.

ದಾರಿ ಕವಲಾಗುವಲ್ಲಿ ಒಂದು ಕಂಬ ಇತ್ತು. ಬಲಕ್ಕೆ ಬಿರೊ ತುದಿ, ಆರುನೂರು ಮೀಟರ್. ಮಿರಾನ್ ಕಂಬವನ್ನು ತಬ್ಬಿ ನಿಂತಳು.

"ಇಲ್ಲಿ... ಕೆಳಗಡೆ ಗುಡಿಸಲಿದೆ. ಕಾವಲಿಂದು. ಕೂತು ಹೋಗೋಣ." ಮಾತು ತೊದಲುತ್ತಿತ್ತು, ಹಲ್ಲು ಕೀಳಿಸಿಕೊಂಡು ಬಂದವರ ಹಾಗೆ.

ಮಂಜಿನಲ್ಲಿ ಯಾವ ಗುಡಿಸಲೂ ಕಾಣುತ್ತಿರಲಿಲ್ಲ. "ಆರುನೂರು ಮೀಟರಿಗೆ ಕೂರೋದಾ? ಈ ವಯಸ್ಸಲ್ಲಿ ಒಂದ್ಸಲ ಕೂತ್ರೆ ಏಳೋಕಾಗಲ್ಲ ಬೀಗಿತ್ತಿಯವರೇ," ಎಂದು ದಾಲ್‌ಸುನ್ ಮುಂದೆ ನಡೆದಳು.

ಅಲ್ಲಿಂದ ಮೇಲೆ ಹಲಗೆಯ ದಾರಿ, ಎರಡೂ ಕಡೆ ಕಂಬಕ್ಕೆ ಕಟ್ಟಿದ ದಪ್ಪ ಹಗ್ಗ. ಹಗ್ಗ ಹಿಡಿದು ಬಗ್ಗಿ ನಡೆಯಬೇಕಿತ್ತು. ಮೈ ನೇರ ಮಾಡಿದರೆ ಕಾಲು ಹಲಗೆ ಬಿಡುತ್ತಿತ್ತು. ಐವತ್ತು ಹೆಜ್ಜೆ ಹೋಗಿದ್ದಾಳೋ ಇಲ್ಲವೋ, ಹಿಂದಿನಿಂದ ತೆಳ್ಳಗೆ ಒಂದು ದನಿ ಕೇಳಿತು. "ಬೀಗಿತ್ತಿಯವರೇ..."

ದಾಲ್‌ಸುನ್ ತಿರುಗಲಿಲ್ಲ. ಗಾಳಿಯಲ್ಲಿ ಕೇಳಿಸಲಿಲ್ಲ ಅಂದರಾಯಿತು ಎಂದುಕೊಂಡಳು. ಮೊದಲು ನಾನು ತುದಿ ಮುಟ್ಟುತ್ತೇನೆ, ಆಮೇಲೆ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತೇನೆ, ಆಗ ನೋಡೋಣ ಇವಳ ಮುಖ.

ತುದಿಯಲ್ಲಿ ಒಂದು ದೊಡ್ಡ ಕಲ್ಲು ನಿಲ್ಲಿಸಿದ್ದರು. ಅದರ ಮೇಲಿನ ಅಕ್ಷರಗಳು ಕೈಯಿಂದ ಸವರಿದರೆ ಮಾತ್ರ ಗೊತ್ತಾಗುತ್ತಿದ್ದವು. ದಾಲ್‌ಸುನ್ ಕಲ್ಲಿನ ಮರೆಗೆ ಕುಕ್ಕರಿಸಿ ಅದನ್ನು ಅಪ್ಪಿಕೊಂಡಳು. ಗೆದ್ದೆ ಎಂದು ಅನ್ನಿಸಬೇಕಾಗಿತ್ತು. ಅನ್ನಿಸಿದ್ದು ಬೇರೆ. ಸುತ್ತ ಬಿಳಿ, ಮೇಲೆ ಬಿಳಿ, ಕೆಳಗೂ ಬಿಳಿ. ಅದರೊಳಗೆ ರೈಲು ಹೋಗುತ್ತಲೇ ಇರುವಂಥ ಒಂದು ಮೊರೆತ. ಪ್ರಪಂಚದಲ್ಲಿ ತಾನು ಮತ್ತು ಈ ಕಲ್ಲು, ಇಷ್ಟೇ ಉಳಿದಂತೆ.

ಅವಳು ಕಾದಳು. ಐದು ನಿಮಿಷ ಇರಬಹುದು, ಹತ್ತೂ ಇರಬಹುದು. ಯಾರೂ ಬರಲಿಲ್ಲ. "ಬೀಗಿತ್ತಿಯವರೇ," ಎಂದು ಕೂಗಿದಳು. ಬಾಯಿಂದ ಹೊರಬಿದ್ದ ಮಾತನ್ನು ಗಾಳಿ ತುಟಿಯ ಮೇಲೇ ಕಿತ್ತುಕೊಂಡಿತು. ತನ್ನ ಕೂಗು ತನಗೇ ಕೇಳಲಿಲ್ಲ. ಆಗ ಅವಳು ಕಲ್ಲನ್ನು ಬಿಟ್ಟು ಎದ್ದಳು. ಇಷ್ಟು ಗಾಳಿಯಲ್ಲಿ ಆ ಒಂದು ಕೂಗು ತನ್ನ ಕಿವಿಗೆ ಮುಟ್ಟಬೇಕಾದರೆ ಮಿರಾನ್ ಎಷ್ಟು ಜೋರಾಗಿ ಕೂಗಿರಬೇಕು.

ಹಗ್ಗ ಹಿಡಿದು ಕೆಳಗಿಳಿದಳು. ನೂರು ಹೆಜ್ಜೆ, ಇನ್ನೂರು. ಹಲಗೆಯ ಮೇಲೆ ಅಡ್ಡಲಾಗಿ ಒಂದು ಊರುಗೋಲು ಬಿದ್ದಿತ್ತು. ಇನ್ನೂ ಸ್ವಲ್ಪ ಕೆಳಗೆ ಹಗ್ಗಕ್ಕೆ ಸಿಕ್ಕಿಕೊಂಡು ನೀಲಿ ಜಾಕೀಟು ಪಟಪಟ ಬಡಿದುಕೊಳ್ಳುತ್ತಿತ್ತು. ತೋಳಿನೊಳಗೆ ತೋಳಿರಲಿಲ್ಲ. ದಾಲ್‌ಸುನ್ ಅದನ್ನು ಹಿಡಿದುಕೊಂಡು ನಿಂತಳು. ಈ ಚಳಿಯಲ್ಲಿ ಜಾಕೀಟು ಯಾರಾದರೂ ಬಿಚ್ಚುತ್ತಾರೆಯೇ? ಯಾರೋ ಬಿಚ್ಚಿದರೇ?

ಹಗ್ಗದ ಆಚೆ ಹುಲ್ಲಿನಲ್ಲಿ ಒಂದು ಕೈಗವಸು ಕಂಡಿತು. ಈಗ ಅವಳ ಎಡಗಡೆಗೆ, ಇಳಿಜಾರಿನ ಕಡೆಗೆ.

ಹಗ್ಗ ಬಿಟ್ಟು ಆಚೆ ಹೋದರೆ ಏನೆಂದು ದಾಲ್‌ಸುನ್‌ಗೆ ಗೊತ್ತಿತ್ತು. ಆ ಪಕ್ಕ ಯೊಂಗ್‌ಜು ಕಡೆಯ ಇಳಿಜಾರು. ತನ್ನ ಅಂಗಡಿಯ ಹಿಂಬಾಗಿಲಿಂದ ದಿನಾ ನೋಡಿದ್ದಳು, ಹುಲ್ಲು ಮುಗಿದಲ್ಲಿ ಬಂಡೆ ಕತ್ತರಿಸಿದಂತೆ ಕೆಳಗಿಳಿಯುತ್ತದೆ. ಹುಲ್ಲು ಎಲ್ಲಿ ಮುಗಿಯುತ್ತದೆ ಎಂಬುದು ಈ ಬಿಳಿಯಲ್ಲಿ ತಿಳಿಯುವ ಬಗೆ ಯಾವುದು? ಜಾಕೀಟನ್ನು ಸೊಂಟಕ್ಕೆ ಕಟ್ಟಿಕೊಂಡು, ಎರಡು ಕೈಯಿಂದಲೂ ಹಗ್ಗ ಹಿಡಿದು, ಒಂದು ಕಾಲು ಆಚೆ ಇಟ್ಟು, ಅವಳು ಎಷ್ಟೋ ಹೊತ್ತು ಹಾಗೇ ನಿಂತಳು. ಯೆರಿನ್‌ಳ ಮುಖ ನೆನಪಾಯಿತು. ಅಮ್ಮ ಎಲ್ಲಿ ಅತ್ತೆ ಎಂದು ಅವಳು ಕೇಳುವುದು ಕಿವಿಯಲ್ಲಿ ಕೇಳಿಸಿತು. ಬಂಡೆಗಿಂತ ಆ ಪ್ರಶ್ನೆ ದೊಡ್ಡದಾಯಿತು. ಎರಡನೆಯ ಕಾಲನ್ನೂ ಎತ್ತಿಹಾಕಿದಳು.

ನಡೆಯಲಿಲ್ಲ. ಅಂಬೆಗಾಲಿಟ್ಟಳು. ಮುಂದಿನ ಕೈ ಊರಿ, ನೆಲ ಇದೆಯೆಂದು ಖಾತ್ರಿಯಾದ ಮೇಲೆ ಮಂಡಿ ಎಳೆದಳು. ಹಿಂದಿರುಗಿ ನೋಡಿದಾಗ ಹಗ್ಗ ಕಾಣಲಿಲ್ಲ. ಹಗ್ಗ ಯಾವ ಕಡೆ ಎಂಬುದೂ ಹೋಯಿತು. ಇದ್ದಲ್ಲೇ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಗ ಒಂದು ವಿಷಯ ಹೊಳೆಯಿತು. ಬರುವಾಗ ದಾರಿಯುದ್ದಕ್ಕೂ ಗಾಳಿ ಎಡಗೆನ್ನೆಗೆ ಬಡಿದಿತ್ತು. ಈಗ ಬೆನ್ನಿಗೆ ಬಡಿಯುತ್ತಿದೆ. ಹಾಗಾದರೆ ಹಗ್ಗ ಇರುವುದು ಗಾಳಿ ಬರುವ ಕಡೆ. ಮುಖಕ್ಕೆ ಗಾಳಿ ಹೊಡೆಸಿಕೊಂಡು ಹೋದರೆ ಹಗ್ಗ ಸಿಗಲೇಬೇಕು. ಕಣ್ಣು ಏನೇ ತೋರಿಸಲಿ, ಮುಖ ಮಾತ್ರ ಸುಳ್ಳು ಹೇಳದು. ಅಷ್ಟನ್ನು ಬಾಯಿಬಿಟ್ಟು ಎರಡು ಸಲ ಹೇಳಿಕೊಂಡು ಮುಂದೆ ಹರಿದಳು.

ಒಂದು ಕುರುಚಲು ಪೊದೆಯ ಪಕ್ಕ ಮಿರಾನ್ ಕೂತಿದ್ದಳು. ಮೇಲಂಗಿಯೂ ಇರಲಿಲ್ಲ, ಒಳಅಂಗಿ ಒಂದೇ. ಚೀಲ, ಟೋಪಿ ಎಲ್ಲ ಸುತ್ತ ಚೆಲ್ಲಿದ್ದವು. ಅವಳು ನಡುಗುತ್ತಿರಲಿಲ್ಲ. ಮುಖದಲ್ಲಿ ಸಣ್ಣ ನಗುವಿತ್ತು. ಅವಳಿಂದ ನಾಲ್ಕು ಮಾರು ಆಚೆಗೆ ಹುಲ್ಲು ಮುಗಿದು ಬಿಳಿ ಮಾತ್ರ ಇತ್ತು.

"ಕಿಟಕಿ ತೆಗೀರಿ," ಎಂದಳು ಮಿರಾನ್. "ಮಕ್ಕಳಿಗೆ ಸೆಕೆ ಆಗ್ತಿದೆ. ಎಷ್ಟು ಸಲ ಹೇಳಬೇಕು ನಿಮಗೆ?"

ದಾಲ್‌ಸುನ್‌ಗೆ ಅಲ್ಲಿಯವರೆಗೆ ಆದ ಹೆದರಿಕೆಯೆಲ್ಲ ಹೆದರಿಕೆಯೇ ಅಲ್ಲ ಎನ್ನಿಸಿತು. ಆ ಕಣ್ಣುಗಳು ಅವಳನ್ನು ನೋಡುತ್ತಿದ್ದವು, ಆದರೆ ಅವುಗಳ ಹಿಂದೆ ಮಿರಾನ್ ಇರಲಿಲ್ಲ. ಮೈ ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಮೀನಿನ ಹಾಗಿತ್ತು.

"ತೆಗೀತೀನಿ ಟೀಚರ್," ಎಂದಳು, ದನಿ ನಡುಗದಂತೆ ಹಲ್ಲು ಕಚ್ಚಿ. "ಎಲ್ಲಾ ಕಿಟಕಿನೂ ತೆಗೀತೀನಿ. ಮೊದ್ಲು ಇದನ್ನ ಹಾಕ್ಕೊಳ್ಳಿ. ಹೆಡ್‌ಮಾಸ್ಟರು ಬರ್ತಾ ಇದಾರೆ, ಹೀಗೆ ಕೂತಿದ್ರೆ ಏನಂದ್ಕೋತಾರೆ?"

"ಹೆಡ್‌ಮಾಸ್ಟರಾ?" ಮಿರಾನ್ ಗಾಬರಿಯಿಂದ ಎದೆ ಮುಚ್ಚಿಕೊಂಡಳು.

"ಹೂಂ. ಬಾಗಿಲಲ್ಲೇ ಇದಾರೆ. ಕೈ ಎತ್ತಿ."

ಅವಳು ಕೈ ಎತ್ತಿದಳು. ದಾಲ್‌ಸುನ್ ಮಗನ ದಪ್ಪ ಅಂಗಿಯನ್ನು ಬಿಚ್ಚಿ ಅವಳಿಗೆ ತೊಡಿಸಿ, ಮೇಲೆ ಜಾಕೀಟು ಹಾಕಿದಳು. ತನಗುಳಿದದ್ದು ಒಂದು ತೆಳು ಸ್ವೆಟರು. ಡಬ್ಬಿಗಳನ್ನು ಹುಲ್ಲಿನ ಮೇಲೆ ಸುರಿದಳು, ಅವು ಉರುಳಿಹೋಗಿ ಬಿಳಿಯೊಳಗೆ ಬಿದ್ದವು. ಬಿದ್ದ ಸದ್ದು ಬರಲಿಲ್ಲ. ಗಂಟಿನ ಬಟ್ಟೆಯನ್ನು ಬಿಡಿಸಿ, ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹಾಗೆ ಬೀಗಿತ್ತಿಯನ್ನು ಬೆನ್ನಿಗೆಳೆದು, ಕಂಕುಳ ಕೆಳಗಿನಿಂದ ತಂದು ಎದೆಯ ಮೇಲೆ ಗಂಟು ಹಾಕಿದಳು. ಮಗನನ್ನು ಹೀಗೆ ಹೊತ್ತು ಅಂಗಡಿಯಲ್ಲಿ ಸೊಪ್ಪು ತೊಳೆದವಳು ಅವಳು. ಆದರೆ ಮಗ ಎಂದೂ ಇಷ್ಟು ಸುಮ್ಮನೆ, ಇಷ್ಟು ತಣ್ಣಗೆ ಬೆನ್ನ ಮೇಲೆ ಮಲಗಿರಲಿಲ್ಲ.

ಗಾಳಿಗೆ ಮುಖ ಕೊಟ್ಟು ಹೊರಟಳು. ಉಸಿರು ಒಳಗೆ ಹೋಗುತ್ತಿರಲಿಲ್ಲ, ಬಾಯಿಗೆ ಒದ್ದೆ ಬಟ್ಟೆ ತುರುಕಿದಂತಾಗುತ್ತಿತ್ತು. ಕಣ್ಣು ಮುಚ್ಚಿಯೇ ಹೋದಳು. ಎಡಕ್ಕೆ ಹೋಗು, ಅಲ್ಲಿ ಸುಲಭ ಎಂದು ಇಳಿಜಾರು ಅವಳನ್ನು ಎಳೆಯುತ್ತಿತ್ತು. ಗಾಳಿ ಕೆನ್ನೆಗೆ ಸರಿದ ಕೂಡಲೇ ನಿಂತು, ಮತ್ತೆ ಮೂಗಿನ ನೇರಕ್ಕೆ ತಂದುಕೊಂಡು ಹೊರಡುತ್ತಿದ್ದಳು. "ಟೀಚರ್, ಹಾಜರಿ ಕರೀರಿ," ಎಂದು ಮೂರು ಹೆಜ್ಜೆಗೊಮ್ಮೆ ಕೂಗಿದಳು. ಮೊದಮೊದಲು ಬೆನ್ನ ಮೇಲಿನಿಂದ ಯಾವ್ಯಾವುದೋ ಮಕ್ಕಳ ಹೆಸರು ಬರುತ್ತಿತ್ತು. ಆಮೇಲೆ ಬರಲಿಲ್ಲ.

ಹಣೆಗೆ ಹಗ್ಗ ತಗುಲಿದಾಗ ಅವಳಿಗೆ ಅದು ಏನೆಂದೇ ತಿಳಿಯಲಿಲ್ಲ. ಹಲ್ಲಿನಿಂದ ಕಚ್ಚಿ ನೋಡಿದಳು.

ಹಲಗೆಯ ಮೆಟ್ಟಿಲು ಇಳಿದು, ಕವಲಿನ ಕಂಬ ಮುಟ್ಟಿ, ಮಿರಾನ್ ಹೇಳಿದ್ದ ಕಡೆಗೆ ಹೋದರೆ ನಿಜವಾಗಿಯೂ ಮೂವತ್ತು ಮಾರು ಕೆಳಗೆ ಗುಡಿಸಲಿತ್ತು. ಅಷ್ಟೇ ದೂರ. ಒಳಗೆ ಒಬ್ಬನೇ ಒಬ್ಬ ಇದ್ದ, ಐವತ್ತು ದಾಟಿದವನು, ತಾನೂ ಬೆಟ್ಟ ಹತ್ತಲು ಬಂದು ಗಾಳಿ ಇಳಿಯಲೆಂದು ಕಾಯುತ್ತಿದ್ದವನು. ಬಾಗಿಲು ತಳ್ಳಿಕೊಂಡು ಬಂದ ಎರಡು ತಲೆಯ ಆಕಾರ ನೋಡಿ ಅವನು ಗೋಡೆಗೆ ಒರಗಿಬಿಟ್ಟ.

"ಕೈಕಾಲು ಉಜ್ಜಬ್ಯಾಡಿ ಅಕ್ಕಾ," ಎಂದ, ಪರಿಸ್ಥಿತಿ ತಿಳಿದ ಕೂಡಲೇ. "ಒದ್ದೆದೆಲ್ಲ ತೆಗೀರಿ, ನೀವೂ ಜೊತೆಗೆ ಮಲಗಿ. ಮೈಗೆ ಮೈ ತಾಗಬೇಕು. ನಾನು ಆ ಕಡೆ ತಿರುಗ್ತೀನಿ." ತನ್ನ ಚೀಲದಿಂದ ಬೆಳ್ಳಿ ಬಣ್ಣದ ಸರಸರ ಹಾಳೆಯೊಂದನ್ನು ತೆಗೆದು ಇಬ್ಬರ ಮೇಲೂ ಹೊದಿಸಿದ. ತುರ್ತು ಸಹಾಯದ ನೂರಾ ಹತ್ತೊಂಬತ್ತಕ್ಕೆ ಫೋನು ಮಾಡಿದ. ಈ ಮಂಜಿನಲ್ಲಿ ಹೆಲಿಕಾಪ್ಟರು ಬರುವುದಿಲ್ಲ, ನಡೆದೇ ಬರಬೇಕು, ಎರಡು ತಾಸು ಎಂದರು.

"ಇವರು ನಡುಗ್ತಾ ಇಲ್ಲ," ಎಂದಳು ದಾಲ್‌ಸುನ್.

"ಅದೇ ಭಯ ಅಕ್ಕಾ. ಚಳಿ ಮಿತಿ ಮೀರಿದ್ರೆ ನಡುಕ ನಿಲ್ತದೆ, ಸೆಕೆ ಅನ್ನಿಸಿ ಬಟ್ಟೆನೂ ಬಿಚ್ಚಿಬಿಡ್ತಾರೆ. ನಡುಕ ಬಂದ್ರೆ ಬದುಕ್ತಾರೆ."

ದಾಲ್‌ಸುನ್ ಬೀಗಿತ್ತಿಯನ್ನು ಅಪ್ಪಿಕೊಂಡು ಮಲಗಿದಳು. ನಾಲ್ಕು ವರ್ಷದಲ್ಲಿ ಇಬ್ಬರೂ ಕೈ ಕೂಡ ಹಿಡಿದುಕೊಂಡವರಲ್ಲ. ಮಿರಾನ್‌ಳ ಎದೆಗೆ ಕಿವಿಯಿಟ್ಟಳು. ಒಂದು ಬಡಿತ. ಆಮೇಲೆ ಎಷ್ಟು ಹೊತ್ತು ಬಿಟ್ಟು ಇನ್ನೊಂದು. ಆ ನಡುವಿನ ಹೊತ್ತಿನಲ್ಲಿ ದಾಲ್‌ಸುನ್‌ಳ ಉಸಿರೂ ನಿಲ್ಲುತ್ತಿತ್ತು. ಗುಡಿಸಲಿನ ತಗಡು ಗಾಳಿಗೆ ಎದ್ದೆದ್ದು ಬೀಳುತ್ತಿತ್ತು. ಆ ಮನುಷ್ಯ ಗೋಡೆಯ ಕಡೆ ತಿರುಗಿ ನಿಂತು, ನಿದ್ದೆ ಹೋಗಬ್ಯಾಡಿ, ಮಾತಾಡ್ತಿರಿ ಎನ್ನುತ್ತಲೇ ಇದ್ದ. ದಾಲ್‌ಸುನ್ ಮಾತಾಡಿದಳು. ಏನು ಮಾತಾಡಿದಳೆಂದು ಆಮೇಲೆ ಅವಳಿಗೆ ನೆನಪಾಗಲಿಲ್ಲ. ಸೌತೆಕಾಯಿಯ ಬಗ್ಗೆ, ಮೊಮ್ಮಗುವಿನ ಹಲ್ಲಿನ ಬಗ್ಗೆ, ತನ್ನ ಗಂಡ ಸತ್ತ ದಿನದ ಬಗ್ಗೆ. ನಡುಗಿ, ದಯವಿಟ್ಟು ಒಂದು ಸಲ ನಡುಗಿ ಎಂದು ಬೇಡಿಕೊಂಡಳು.

ಮುಕ್ಕಾಲು ತಾಸಿನ ಮೇಲೆ ಮಿರಾನ್‌ಳ ದವಡೆ ಒಮ್ಮೆ ಕಟಕ್ಕೆಂದಿತು. ಆಮೇಲೆ ಭುಜ. ಆಮೇಲೆ ಇಡೀ ಮೈ ಜ್ವರ ಬಂದ ನಾಯಿಮರಿಯಂತೆ ಗಡಗಡ ನಡುಗತೊಡಗಿತು. ದಾಲ್‌ಸುನ್ ಅವಳನ್ನು ಇನ್ನಷ್ಟು ಬಿಗಿಹಿಡಿದು ಸದ್ದಿಲ್ಲದೆ ಅತ್ತಳು.

ಎಂಟು ಜನ ಬಂದು ಇಳಿಸಿಕೊಂಡು ಹೋದರು. ಆಸ್ಪತ್ರೆಯಲ್ಲಿ ಯೆರಿನ್ ಅತ್ತೆಯ ಎರಡೂ ಕೈ ಹಿಡಿದು, ಅವುಗಳ ಮೇಲೆ ಹಣೆಯಿಟ್ಟು ಬಿಕ್ಕಿದಳು. "ನೀವು ಇಲ್ದಿದ್ರೆ ಅಮ್ಮ ಇರ್ತಿರಲಿಲ್ಲ ಅತ್ತೆ." ಗ್ಯುಹೊ ತಾಯಿಯ ಬೆನ್ನು ಸವರಿದ. ಗುಡಿಸಲಿನ ಮನುಷ್ಯ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಮರುದಿನ ಮಾರುಕಟ್ಟೆಯಲ್ಲೆಲ್ಲ ಸುದ್ದಿ. ಮೀನಿನವಳು ಬಂದು ಹೆಮ್ಮೆಯಿಂದ ಭುಜ ತಟ್ಟಿದಳು. ಪ್ರತಿ ಸಲ ಯಾರಾದರೂ ಹೊಗಳಿದಾಗ ದಾಲ್‌ಸುನ್‌ಗೆ ಕಾಲ ಕೆಳಗಿನ ಹುಲ್ಲು ಮುಗಿದಂತಾಗುತ್ತಿತ್ತು. ಮಿರಾನ್‌ಗೆ ಏನೇನು ನೆನಪಿದೆ? ಆ ಒಂದೇ ಹೆದರಿಕೆಯಲ್ಲಿ ಮೂರು ದಿನ ಅನ್ನ ಇಳಿಯಲಿಲ್ಲ.

ನಾಲ್ಕನೆಯ ದಿನ ಯೆರಿನ್ ಮಗುವಿಗೆ ಹಾಲು ತರಲೆಂದು ಕೆಳಗಿಳಿದಾಗ ಇಬ್ಬರೇ ಉಳಿದರು. ಮಿರಾನ್ ದಿಂಬಿಗೊರಗಿ ಕೂತಿದ್ದಳು. ಒಮ್ಮೆಲೇ ಹತ್ತು ವರ್ಷ ವಯಸ್ಸಾದವಳಂತೆ ಕಾಣುತ್ತಿದ್ದಳು.

"ನಾನು ನಿಮ್ಮನ್ನ ಕೂಗಿದೆ," ಎಂದಳು. "ಆ ಮೆಟ್ಟಿಲ ಹತ್ರ. ಅದರ ಮುಂದಿನದು ಏನೂ ಗೊತ್ತಿಲ್ಲ. ಆದ್ರೆ ಕೂಗಿದ್ದು ಗೊತ್ತು."

ಇಲ್ಲ, ಗಾಳಿ ಇತ್ತು ಎಂದು ಹೇಳಬಹುದಾಗಿತ್ತು. ಯಾರಾದರೂ ನಂಬುತ್ತಿದ್ದರು.

"ಕೇಳಿಸ್ತು," ಎಂದಳು ದಾಲ್‌ಸುನ್. "ಕೇಳಿಸಿಯೂ ತಿರುಗಲಿಲ್ಲ."

ಮಿರಾನ್ ಹೊದಿಕೆಯ ಅಂಚನ್ನು ಮಡಿಸಿದಳು, ಬಿಡಿಸಿದಳು.

"ನನಗೂ ಆ ದಿನ ಹಿಂದಕ್ಕೆ ಹೋಗೋಣ ಅಂತ ಹೇಳೋಕೆ ಬಾಯಿತ್ತು," ಎಂದಳು ಕೊನೆಗೆ. "ನೀವೇ ಹೇಳಲಿ ಅಂತ ಕಾದೆ." ಆಮೇಲೆ, "ಯೆರಿನ್‌ಗೆ ಹೇಳಬೇಡಿ. ಅವಳಿಗೆ ನಾವಿಬ್ರೂ ಬೇಕು," ಎಂದಳು.

"ನೀವು ನನ್ನ ಕ್ಷಮಿಸ್ಬೇಕು ಅಂತ ಹೇಳ್ತಾ ಇಲ್ಲ."

"ಕ್ಷಮಿಸಿದೀನಿ ಅಂತ ನಾನೂ ಹೇಳ್ಲಿಲ್ಲ. ಇನ್ನೂ ಗೊತ್ತಿಲ್ಲ ನನಗೆ. ನಾಳೆನೂ ಬನ್ನಿ."

ದಾಲ್‌ಸುನ್ ಬಗ್ಗಿ ನಮಸ್ಕಾರ ಮಾಡಿ ಹೊರಬಂದಳು. ಆಸ್ಪತ್ರೆಯ ಮುಂದಿನ ಬಸ್ ನಿಲ್ದಾಣದಲ್ಲಿ ಕೂತಳು. ಬಿಸಿಲಿತ್ತು, ಎಲೆ ಅಲ್ಲಾಡುತ್ತಿರಲಿಲ್ಲ. ಅವಳ ಬಸ್ಸು ಬಂತು, ಚಾಲಕ ಬಾಗಿಲು ತೆರೆದು ನೋಡಿದ. ಏಳಲು ಹೋದರೆ ಮಂಡಿ ನಿಲ್ಲಲಿಲ್ಲ. ಬೆಟ್ಟದ ಮೇಲೆ ಒಮ್ಮೆಯೂ ನಡುಗದ ಕಾಲುಗಳು ಈಗ ಒಂದಕ್ಕೊಂದು ತಗುಲಿ ನಡುಗುತ್ತಿದ್ದವು. ಎರಡು ಕೈಯಿಂದಲೂ ಅವನ್ನು ಒತ್ತಿ ಹಿಡಿದುಕೊಂಡು, ಹೋಗಿ ಎಂದು ಅವನಿಗೆ ತಲೆಯಾಡಿಸಿದಳು. ಮುಂದಿನ ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇತ್ತು.